ಪುಣ್ಯಕೋಟಿ ಕರುವಿಗೆ ಹೇಳಿದ್ದೇನು?

ನಿಮ್ಮಲ್ಲಿ ಬಹುತೇಕರಿಗೆ ‘ಗೋವಿನ ಹಾಡು’ ಬಾಯಿಪಾಠವಾಗಿರಬಹುದು. ಕರ್ತೃ ಯಾರೆಂದು ತಿಳಿಯದ ಈ ಕಥನಗೀತೆಯನ್ನು ತಲೆಮಾರುಗಳಿಂದ ನಾವು ಮಕ್ಕಳಿಗೆ ಸತ್ಯದ ಪಾಠವೆಂದು ಕಲಿಸುತ್ತಾ ಬಂದಿದ್ದೇವೆ. ಕೊಟ್ಟ ಮಾತಿಗೆ ತಪ್ಪದ ಹಸು, ಆ ಸತ್ಯಕ್ಕೆ ಮಣಿದ ಹುಲಿ. ಇಷ್ಟನ್ನು ಹೇಳಿ ಪಾಠ ಮುಗಿಸುತ್ತೇವೆ. ಆದರೆ ಇದು ತಾಯಿಯೊಬ್ಬಳು ತನ್ನ ಎಳೆಯ ಕಂದನೊಡನೆ ಸಾವಿನ ಬಗ್ಗೆ ಮಾತನಾಡುವ ಹಾಡೂ ಹೌದು. ಈ ಮಗ್ಗುಲನ್ನು ನನಗೆ ತೋರಿಸಿಕೊಟ್ಟವನು ಆರು ವರ್ಷದ ಒಬ್ಬ ಬಾಲಕ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಈ ಹಾಡನ್ನು ಕಲಿಸುತ್ತಿದ್ದೆ. ಹಾಡು ಮುಗಿದಾಗ ಅವನು ಎದ್ದು ನಿಂತು, “ಟೀಚರ್, ಪುಣ್ಯಕೋಟಿ ವಾಪಸ್ ಬಂತಲ್ಲ. ನಮ್ಮಮ್ಮನೂ ನಾಳೆ ಬರ್ತೀನಿ ಅಂದಿದ್ಳು. ಅವಳು ಸುಳ್ಳು ಹೇಳಿದ್ಳಾ?” ಎಂದು ಕೇಳಿದ. ಮೂರು ತಿಂಗಳ ಹಿಂದೆ ಆಸ್ಪತ್ರೆಗೆ ಹೋಗಿದ್ದ ಅವನ ತಾಯಿ ಹಿಂದಿರುಗಿರಲಿಲ್ಲ. “ಅಮ್ಮ ಮಲಗಿದ್ದಾಳೆ” ಎಂದು ಮನೆಯವರು ಅವನಿಗೆ ಹೇಳಿದ್ದರು. ನಾನಾದರೋ ತಡವರಿಸುತ್ತಾ, “ದೇವರಿಗೆ ಅಮ್ಮ ಬೇಕಾಗಿದ್ದಳು, ಕರೆದುಕೊಂಡರು” ಎಂದೆ. “ನನಗೂ ಬೇಕಾಗಿದ್ಳು” ಎಂದು ಅವನು ಕುಳಿತುಬಿಟ್ಟ.

ಅಂದು ರಾತ್ರಿ ಹಾಡನ್ನು ಮತ್ತೆ ಓದಿದೆ. ಮರಳಿ ಬರುತ್ತೇನೆಂದು ಪುಣ್ಯಕೋಟಿ ಮಾತು ಕೊಟ್ಟದ್ದು ಹುಲಿಗೆ, ಕರುವಿಗಲ್ಲ! ತಾನು ಹುಲಿಗೆ ಆಹಾರವಾಗಲಿರುವುದನ್ನೂ, ಅದು ತಬ್ಬಲಿಯಾಗಲಿರುವುದನ್ನೂ ಅವಳು ಕರುವಿಗೆ ಮರೆಮಾಚದೆ ಹೇಳುತ್ತಾಳೆ. ಹೇಳಿ ಅದನ್ನು ಅಪ್ಪಿಕೊಳ್ಳುತ್ತಾಳೆ. ಕರು ಹೋಗಬೇಡವೆನ್ನುತ್ತದೆ, ಹಾಲಿಗೆ ಯಾರ ಬಳಿ ಹೋಗಲಿ, ಯಾರ ಮಗ್ಗುಲಲ್ಲಿ ಮಲಗಲಿ ಎಂದು ಕೇಳುತ್ತದೆ. ಆ ಪ್ರಶ್ನೆಗಳನ್ನು ತಾಯಿ ಗದರಿ ಅಡಗಿಸುವುದಿಲ್ಲ. ಒಡನಾಡಿ ಹಸುಗಳನ್ನು ಕರೆದು, ಇದನ್ನು ನಿಮ್ಮ ಮಗುವೆಂದೇ ತಿಳಿದು ನೋಯಿಸದೆ ಕಾಪಾಡಿ ಎಂದು ಒಪ್ಪಿಸುತ್ತಾಳೆ. ನಿಜವನ್ನು ಹೇಳುವುದು, ಅಪ್ಪಿಕೊಳ್ಳುವುದು, ಪ್ರಶ್ನೆಯನ್ನು ಆಲಿಸುವುದು, ಮುಂದೆ ನೋಡಿಕೊಳ್ಳುವವರನ್ನು ತೋರಿಸುವುದು: ದುಃಖದ ಮನೆಯಲ್ಲಿ ಮಗುವಿಗೆ ಬೇಕಾದದ್ದು ಬಹುಮಟ್ಟಿಗೆ ಇಷ್ಟೇ.

ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 3ರಿಂದ 10 ವರ್ಷದ 378 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ನಿದ್ರೆಯೆಂದೋ ಪ್ರಯಾಣವೆಂದೋ, ಅಂದರೆ ಮರಳಿ ಬರಬಹುದಾದ ಸ್ಥಿತಿಯೆಂದು ಭಾವಿಸುತ್ತಾರೆಂದು ಅವರು ಕಂಡರು. ಹಾಗಿರುವಾಗ “ಮಲಗಿದ್ದಾಳೆ”, “ಊರಿಗೆ ಹೋಗಿದ್ದಾಳೆ” ಎಂಬ ನಮ್ಮ ಮಾತುಗಳು ಅವರ ತಪ್ಪು ಎಣಿಕೆಯನ್ನೇ ಗಟ್ಟಿ ಮಾಡುತ್ತವೆ. ಮಗು ಬಾಗಿಲಲ್ಲಿ ಕಾಯುತ್ತದೆ, ಇಲ್ಲವೇ ಮಲಗಲು ಹೆದರುತ್ತದೆ. “ದೇವರು ಕರೆದುಕೊಂಡರು” ಎಂಬ ಮಾತು ನಮ್ಮ ವಿಶ್ವಾಸದಿಂದ ಬಂದದ್ದೇ ಆದರೂ, ಅದೊಂದನ್ನೇ ಕೇಳಿದ ಮಗುವಿನ ಕಣ್ಣಿಗೆ ದೇವರೇ ತಾಯಿಯನ್ನು ಕಸಿದವರಾಗಿ ಕಾಣಬಹುದು.

ಹಾಡಿನಲ್ಲಿ ಒಂದು ತೊಡಕೂ ಇದೆ, ಅದನ್ನು ಮುಚ್ಚಿಡಲಾಗದು. ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ, ತಾಯಿ ಕರುವಿನ ಬಳಿಗೆ ಮರಳುತ್ತಾಳೆ. ಸತ್ಯವಂತರಿಗೆ ಸಾವು ತಟ್ಟದು ಎಂಬ ಅರ್ಥವನ್ನು ಎಳೆಯ ಮನಸ್ಸು ಇದರಿಂದ ಪಡೆದರೆ, ನಿಜವಾಗಿ ತಾಯಿಯನ್ನು ಕಳೆದುಕೊಂಡ ಮಗು ತಪ್ಪನ್ನು ತಾಯಿಯಲ್ಲಿ, ಇಲ್ಲವೇ ತನ್ನಲ್ಲೇ ಹುಡುಕುತ್ತದೆ. ಆ ಬಾಲಕನಿಗೆ ಆದದ್ದೂ ಇದೇ. ಆದ್ದರಿಂದ ಹಾಡನ್ನು ಬಿಡಬೇಕಾಗಿಲ್ಲ. ಹಾಡಿದ ಮೇಲೆ, “ಒಳ್ಳೆಯವರೂ ಸಾಯುತ್ತಾರೆ, ಅದು ಯಾರ ತಪ್ಪೂ ಅಲ್ಲ” ಎಂಬ ಮಾತನ್ನು ನಾವು ಸೇರಿಸಬೇಕು.

ಸಂತ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯವನ್ನು ನೆನೆಯಿರಿ. ಲಾಜರನು ನಿದ್ರಿಸುತ್ತಿದ್ದಾನೆಂದು ಪ್ರಭು ಮೊದಲು ಹೇಳುತ್ತಾರೆ. ಶಿಷ್ಯರು ಅದನ್ನು ನಿಜವಾದ ನಿದ್ರೆಯೆಂದೇ ತಿಳಿದಾಗ, ಅವನು ಸತ್ತಿದ್ದಾನೆಂದು ಸ್ಪಷ್ಟವಾಗಿ ತಿಳಿಸುತ್ತಾರೆ. ಅವನನ್ನು ಎಬ್ಬಿಸಲಿರುವುದು ಗೊತ್ತಿದ್ದೂ ಕಣ್ಣೀರಿಡುತ್ತಾರೆ. ಪುನರುತ್ಥಾನದ ಭರವಸೆಗೆ ನೇರವಾದ ಮಾತೂ ಅಡ್ಡಿಯಲ್ಲ, ಅಳುವೂ ಅಡ್ಡಿಯಲ್ಲ.

ಮುಂದಿನ ಭಾನುವಾರ ಆ ಬಾಲಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: “ನಿನ್ನಮ್ಮ ಸುಳ್ಳು ಹೇಳಲಿಲ್ಲ ಮಗು. ಬರಬೇಕು ಅಂತಲೇ ಇದ್ದಳು. ಕಾಯಿಲೆ ತುಂಬಾ ಜೋರಾಗಿತ್ತು, ಡಾಕ್ಟರಿಗೂ ವಾಸಿ ಮಾಡಲು ಆಗಲಿಲ್ಲ. ಅವಳು ಸತ್ತುಹೋದಳು. ಅದು ನಿನ್ನಿಂದ ಆದದ್ದಲ್ಲ.” ಅವನು ಬಹಳ ಹೊತ್ತು ಅತ್ತ. ಬಳಿಕ, “ಹಾಗಾದ್ರೆ ನನ್ನ ಬುತ್ತಿ ಯಾರು ಕಟ್ತಾರೆ?” ಎಂದ. ಅದು ಕರುವಿನದೇ ಪ್ರಶ್ನೆ. ಉತ್ತರ ಹೇಳಲು ಅವನ ಅಜ್ಜಿಯನ್ನು ಕರೆದೆವು.

ನವೆಂಬರ್ 2ರಂದು ಮೃತರ ಸ್ಮರಣೆಗೆ ಸಮಾಧಿಗಳ ಬಳಿ ಹೋಗುವಾಗ ನಿಮ್ಮ ಪುಟ್ಟ ಮಕ್ಕಳನ್ನೂ ಕೈಹಿಡಿದು ಕರೆದೊಯ್ಯಿರಿ. ಮೇಣದ ಬತ್ತಿ ಹಚ್ಚುವಾಗ ಅವರು ಏನಾದರೂ ಕೇಳಿದರೆ, ದಯವಿಟ್ಟು “ಸುಮ್ಮನಿರು” ಎನ್ನಬೇಡಿ.