ಎಪ್ಪತ್ತು ಪರ್ಸೆಂಟ್ ಏನು?

"ಡಾರ್ಕ್ ಚಾಕೊಲೇಟ್ ಹೃದಯಕ್ಕೆ ಒಳ್ಳೇದು" ಅನ್ನೋ ಸುದ್ದಿ ಓದದ ಟೆಕ್ಕಿ ಬೆಂಗಳೂರಿನಲ್ಲಿ ಸಿಗೋದು ಕಷ್ಟ. ಪೇಪರಿನ ಆರೋಗ್ಯ ಪುಟ, ಫ್ಯಾಮಿಲಿ ವಾಟ್ಸಾಪ್ ಗ್ರೂಪು, ಜಿಮ್ಮಿನ ಟ್ರೈನರ್, ಎಲ್ಲರದ್ದೂ ಒಂದೇ ಪಾಠ: ಊಟ ಆದ ಮೇಲೆ ಎಪ್ಪತ್ತು ಪರ್ಸೆಂಟಿನದ್ದು ಎರಡು ತುಂಡು ತಿನ್ನಿ. ಇದು ಪೂರ್ತಿ ಸುಳ್ಳಾಗಿದ್ದರೆ ಬೈದು ಮುಗಿಸಬಹುದಿತ್ತು. ತೊಂದರೆ ಏನಂದ್ರೆ ಇದು ಅರ್ಧ ನಿಜ. ಆ ಅರ್ಧ ಎಲ್ಲಿ ಮುಗಿಯುತ್ತೆ, ವ್ಯಾಪಾರ ಎಲ್ಲಿ ಶುರುವಾಗುತ್ತೆ ಅನ್ನೋದನ್ನ ಈ ಸುದ್ದಿಗಳು ಹೇಳೋದೇ ಇಲ್ಲ.

ಮೊದಲು ನಿಜದ ಭಾಗ ನೋಡೋಣ. ಕೊಕ್ಕೋ ಬೀಜದಲ್ಲಿ ಫ್ಲೇವನಾಲ್ ಅನ್ನೋ ಗುಂಪಿನ ಸಂಯುಕ್ತಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಎಪಿಕ್ಯಾಟಚಿನ್. ಚಹಾದಲ್ಲೂ ಸೇಬಿನಲ್ಲೂ ಇರುವಂಥದ್ದೇ. ಇದು ರಕ್ತಕ್ಕೆ ಸೇರಿದಾಗ ರಕ್ತನಾಳದ ಒಳಪೊರೆಯಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ, ನಾಳ ಸ್ವಲ್ಪ ಸಡಿಲಗೊಳ್ಳುತ್ತದೆ, ರಕ್ತ ಸರಾಗವಾಗಿ ಹರಿಯುತ್ತದೆ. ಪನಾಮದ ಸ್ಯಾನ್ ಬ್ಲಾಸ್ ದ್ವೀಪಗಳ ಕುನಾ ಜನರಿಗೆ ವಯಸ್ಸಾದರೂ ಬಿಪಿ ಏರುವುದಿಲ್ಲ, ಅವರಲ್ಲೇ ಪನಾಮ ಸಿಟಿಗೆ ವಲಸೆ ಹೋದವರಿಗೆ ಏರುತ್ತದೆ ಎಂದು ಹಾರ್ವರ್ಡ್‌ನ ನಾರ್ಮನ್ ಹಾಲೆನ್‌ಬರ್ಗ್ ತಂಡ 1997ರಲ್ಲಿ ಬರೆಯಿತು. ದ್ವೀಪದವರು ಕೊಕ್ಕೋ ಪಾನೀಯವನ್ನು ದಿನಾ ಕುಡಿಯುತ್ತಿದ್ದರು. ಕುತೂಹಲ ಹುಟ್ಟಿದ್ದು ಅಲ್ಲಿಂದ. 2017ರ ಕಾಕ್ರೇನ್ ವಿಮರ್ಶೆ 35 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಬಿಪಿ ಇಳಿದದ್ದು ಸುಮಾರು 1.8 ಮಿ.ಮೀ. ಅದೂ ದಿನಕ್ಕೆ ಸರಾಸರಿ 670 ಮಿಲಿಗ್ರಾಂ ಫ್ಲೇವನಾಲ್ ಕೊಟ್ಟಾಗ. ಚಿಕ್ಕ ಲಾಭ, ಆದರೆ ಲಾಭವೇ.

ಇಲ್ಲಿವರೆಗಿನ ಮಾತು ಸಂಯುಕ್ತದ್ದು. ನಾವು ದುಡ್ಡು ಕೊಟ್ಟು ತರೋದು ಬಾರ್. ಇವೆರಡರ ನಡುವೆ ಏನೇನು ಆಗುತ್ತೆ ಅನ್ನೋದು ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಯುವ ದಕ್ಷಿಣ ಕನ್ನಡದ ಹುಡುಗರಿಗೆ ಅರ್ಧ ಗೊತ್ತು. ಕಾಯಿ ಒಡೆದರೆ ಬೀಜದ ಸುತ್ತ ಬಿಳಿ ಲೋಳೆ, ಚೀಪಿದರೆ ಸಿಹಿ-ಹುಳಿ. ಅಪ್ಪಿತಪ್ಪಿ ಬೀಜ ಕಚ್ಚಿದಿರೋ, ಬಾಯೆಲ್ಲ ಒಗರು, ಕಹಿ. ಆ ಒಗರಿಗೆ ದೊಡ್ಡ ಕಾರಣವೇ ಈ ಫ್ಲೇವನಾಲ್. ಆ ಬೀಜವನ್ನು ಹಾಗೇ ಯಾರೂ ತಿನ್ನಲ್ಲ. ಐದಾರು ದಿನ ರಾಶಿ ಹಾಕಿ ಹುಳಿ ಬರಿಸಬೇಕು, ಒಣಗಿಸಬೇಕು, ಹುರಿಯಬೇಕು. ಪುತ್ತೂರಿನಲ್ಲಿ 1986ರಲ್ಲಿ ಶುರುವಾದ ಕ್ಯಾಂಪ್ಕೊ ಕಾರ್ಖಾನೆಯಾಗಲಿ, ಬೆಲ್ಜಿಯಮ್ಮಿನದ್ದಾಗಲಿ, ಚಾಕೊಲೇಟ್ ಆಗಬೇಕಾದರೆ ಈ ದಾರಿ ತಪ್ಪಿದ್ದಲ್ಲ. ಹುಳಿ ಬಂದಾಗ ನೇರಳೆ ಬೀಜ ಕಂದು ಬಣ್ಣಕ್ಕೆ ತಿರುಗುತ್ತಲ್ಲ, ಆಗಲೇ ಫ್ಲೇವನಾಲ್ ಕರಗುತ್ತಿರುತ್ತದೆ. ಹುರಿದಾಗ ಇನ್ನಷ್ಟು ಹೋಗುತ್ತದೆ.

ಇಷ್ಟಕ್ಕೇ ನಿಲ್ಲಲ್ಲ. ಬಣ್ಣ ಕಪ್ಪಾಗಲಿ, ರುಚಿ ಮೆದುವಾಗಲಿ ಅಂತ ಎಷ್ಟೋ ಕಡೆ ಕೊಕ್ಕೋವನ್ನು ಕ್ಷಾರದಲ್ಲಿ ಸಂಸ್ಕರಿಸುತ್ತಾರೆ. 19ನೇ ಶತಮಾನದಲ್ಲಿ ಹಾಲೆಂಡಿನ ವ್ಯಾನ್ ಹೌಟನ್ ಶುರು ಮಾಡಿದ ಪದ್ಧತಿ. 2008ರ ಒಂದು ಅಧ್ಯಯನದಲ್ಲಿ ಸಹಜ ಕೊಕ್ಕೋ ಪುಡಿಯ ಪ್ರತಿ ಗ್ರಾಮಿನಲ್ಲಿ ಸರಾಸರಿ 34.6 ಮಿಲಿಗ್ರಾಂ ಫ್ಲೇವನಾಲ್ ಸಿಕ್ಕರೆ, ಹೆಚ್ಚು ಕ್ಷಾರ ಹಾಕಿದ ಪುಡಿಯಲ್ಲಿ ಸಿಕ್ಕಿದ್ದು 3.9. ಒಂಬತ್ತರಲ್ಲಿ ಒಂದು ಪಾಲು! ಅಂದ್ರೆ ಕಪ್ಪಗಿದ್ದಷ್ಟೂ ಒಳ್ಳೇದು ಅನ್ನೋ ನಂಬಿಕೆ ಕೆಲವು ಸಲ ಪೂರ್ತಿ ತಲೆಕೆಳಗು.

ಹಾಗಾದರೆ ಆ 70 ಪರ್ಸೆಂಟ್ ಏನು? ಕೊಕ್ಕೋ ಬೀಜದಿಂದ ಬಂದದ್ದು ಎಲ್ಲ ಸೇರಿ ಬಾರಿನ ತೂಕದಲ್ಲಿ ಎಷ್ಟು ಅನ್ನೋ ಲೆಕ್ಕ. ಅದರಲ್ಲಿ ಕೊಕ್ಕೋ ಬೆಣ್ಣೆಯೂ ಸೇರಿದೆ, ಬೆಣ್ಣೆಯಲ್ಲಿ ಫ್ಲೇವನಾಲ್ ಇಲ್ಲವೇ ಇಲ್ಲ ಅನ್ನಬಹುದು. ಒಂದೇ 70 ಅಂತ ಬರೆದ ಎರಡು ಬಾರ್‌ಗಳಲ್ಲಿ ಫ್ಲೇವನಾಲ್ ಎಷ್ಟೋ ಪಟ್ಟು ಬೇರೆ ಇರಬಹುದು. ಆ ಸಂಖ್ಯೆ ಹೇಳೋದು ಒಂದು, ನಾವು ಓದಿಕೊಳ್ಳೋದು ಇನ್ನೊಂದು. ಖಚಿತವಾಗಿ ಇರುವುದು ಬೇರೆ ಅಂಶಗಳು: 70-85 ಪರ್ಸೆಂಟಿನ 100 ಗ್ರಾಂ ಬಾರ್‌ನಲ್ಲಿ ಸುಮಾರು 600 ಕ್ಯಾಲೊರಿ, 40 ಗ್ರಾಂ ಮೀರಿದ ಕೊಬ್ಬು.

ಇನ್ನು ದೊಡ್ಡ ಪರೀಕ್ಷೆ. ಅಮೆರಿಕದಲ್ಲಿ 21,442 ಹಿರಿಯರ ಮೇಲೆ ನಡೆದ ಕಾಸ್ಮೋಸ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್, ಅದರಲ್ಲಿ 80 ಮಿಲಿಗ್ರಾಂ ಎಪಿಕ್ಯಾಟಚಿನ್. ಕೊಟ್ಟದ್ದು ಕ್ಯಾಪ್ಸೂಲ್, ಚಾಕೊಲೇಟ್ ಅಲ್ಲ. ಹಣದ ಒಂದು ಪಾಲು ಮಾರ್ಸ್ ಕಂಪನಿಯ ಕಡೆಯದ್ದು. ಹೃದಯ-ರಕ್ತನಾಳದ ಒಟ್ಟು ತೊಂದರೆಗಳು ಶೇ. 10ರಷ್ಟು ಕಡಿಮೆ ಕಂಡರೂ ಅದು ಆಕಸ್ಮಿಕವೂ ಇರಬಹುದು ಅಂತ ಲೆಕ್ಕಾಚಾರ ಹೇಳಿತು. ಹೃದ್ರೋಗದ ಸಾವು ಮಾತ್ರ ಶೇ. 27ರಷ್ಟು ಕಡಿಮೆ ಇತ್ತು, ಆದರೆ ಅದು ಪ್ರಯೋಗದ ಮುಖ್ಯ ಪ್ರಶ್ನೆ ಆಗಿರಲಿಲ್ಲ. ಸುದ್ದಿ ಮಾಡುವವರಿಗೆ 27 ಸಿಕ್ಕರೆ 10ರ ಕಥೆ ಯಾರಿಗೆ ಬೇಕು?

ಮಾಧ್ಯಮದ ಈ ಹಸಿವನ್ನು 2015ರಲ್ಲೇ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಬಯಲಿಗೆಳೆದಿದ್ದರು. ಜರ್ಮನಿಯಲ್ಲಿ 15 ಜನ, 3 ವಾರ, 18 ಬಗೆಯ ಅಳತೆ. ಅದರಲ್ಲಿ ಯಾವುದೋ ಒಂದು ಗೆದ್ದೇ ಗೆಲ್ಲುತ್ತೆ ಅಂತ ಗೊತ್ತಿದ್ದೇ ಮಾಡಿದ ಪ್ರಯೋಗ. "ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತೆ" ಅಂತ ಪ್ರಬಂಧ ಪ್ರಕಟವಾಯಿತು, ಜರ್ಮನಿಯ ಬಿಲ್ಡ್ ಪತ್ರಿಕೆ ಮುಖಪುಟದಲ್ಲೇ ಹಾಕಿತು. ಹದಿನೆಂಟು ಟೆಸ್ಟ್ ಕೇಸ್ ಓಡಿಸಿ, ಪಾಸಾದ ಒಂದನ್ನು ಮಾತ್ರ ಮ್ಯಾನೇಜರ್‌ಗೆ ತೋರಿಸಿದ ಹಾಗೆ. ನಮ್ಮ ಕೆಲಸದಲ್ಲಿ ಹೀಗೆ ಮಾಡಿದರೆ ರಿಲೀಸ್ ದಿನ ಸಿಕ್ಕಿಬೀಳುತ್ತೇವೆ. ಆರೋಗ್ಯ ಪುಟಕ್ಕೆ ರಿಲೀಸ್ ದಿನವೇ ಇಲ್ಲ.

ಅಮೆರಿಕದ ಎಫ್‌ಡಿಎ 2023ರಲ್ಲಿ ಒಂದು ಸಣ್ಣ ಬಾಗಿಲು ತೆರೆಯಿತು. ಕನಿಷ್ಠ ಶೇ. 4 ಫ್ಲೇವನಾಲ್ ಉಳಿಸಿಕೊಂಡ ಕೊಕ್ಕೋ ಪುಡಿಗೆ ಹೃದಯದ ಮಾತು ಬರೆಯಬಹುದು, ಆದರೆ "ಪುರಾವೆ ತುಂಬಾ ಸೀಮಿತ" ಅಂತ ಜೊತೆಗೇ ಹೇಳಬೇಕು. ಮಾಮೂಲಿ ಚಾಕೊಲೇಟಿಗೆ ಆ ಬಾಗಿಲೂ ಇಲ್ಲ.

ಇಷ್ಟೆಲ್ಲ ಯಾಕೆ ಕೊರೀತೀನಿ ಅಂದ್ರೆ, ನಮ್ಮ ಫ್ಲೋರಿನಲ್ಲೇ ಮೂವತ್ತು ದಾಟುವಷ್ಟರಲ್ಲಿ ಬಿಪಿ ಮಾತ್ರೆ ಬರೆಸಿಕೊಂಡವರಿದ್ದಾರೆ. ಹತ್ತು ಗಂಟೆ ಕುರ್ಚಿ, ರಾತ್ರಿ ಕ್ಲೈಂಟ್ ಕಾಲ್, ಹನ್ನೊಂದಕ್ಕೆ ಆರ್ಡರ್ ಮಾಡಿದ ಬಿರಿಯಾನಿ. ಅಂಥವರಲ್ಲಿ ಒಬ್ಬ ಮಾತ್ರೆ ಬಿಟ್ಟು "ನ್ಯಾಚುರಲ್ ಆಗಿ ಮ್ಯಾನೇಜ್ ಮಾಡ್ತೀನಿ" ಅಂತ ಡ್ರಾಯರಿನಲ್ಲಿ ಡಾರ್ಕ್ ಚಾಕೊಲೇಟ್ ಇಟ್ಟುಕೊಂಡಿದ್ದಾನೆ. 1.8 ಮಿ.ಮೀ.ಗಾಗಿ! ಬಿಪಿ ಇರುವವರು ದಿನಾ ಅರ್ಧ ಗಂಟೆ ಬಿರುಸಾಗಿ ನಡೆದರೆ, ಉಪ್ಪು ಕಡಿಮೆ ಮಾಡಿದರೆ ಅದಕ್ಕಿಂತ ಹೆಚ್ಚು ಇಳಿಯುತ್ತೆ. ಅದನ್ನು ಯಾರೂ ಹೊಳೆಯುವ ಕಾಗದದಲ್ಲಿ ಸುತ್ತಿ ಮಾರಲ್ಲ, ಅಷ್ಟೇ. ಸಂಶೋಧನೆ ಓದುವವರು ಓದಲಿ, ಕ್ಯಾಪ್ಸೂಲ್ ಪರೀಕ್ಷೆಗಳೂ ನಡೆಯಲಿ. ಚಾಕೊಲೇಟ್ ತಿನ್ನಬೇಡಿ ಅಂತಲೂ ನಾನು ಹೇಳಲ್ಲ, ಕೊಕ್ಕೋ ಬೆಳೆಯುವ ಊರಿನವನು. ರುಚಿಗೆ ಅಂತ ಎರಡು ತುಂಡು ತಿನ್ನಿ. ಮಾತ್ರೆಯ ವಿಷಯ ಮಾತ್ರ ಡಾಕ್ಟರ ಹತ್ತಿರ ಮಾತಾಡಿ.