ಎಂಬೆಡೆಡ್ ತಂತ್ರಾಂಶದ ಪ್ರಾಯೋಗಿಕ ಶಿಕ್ಷಣದಲ್ಲಿ ಮುಕ್ತ ಸಾಧನಗಳು: ಒಂದು ವಿಮರ್ಶೆ

ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯಿಂದ ಪಶ್ಚಿಮಾಭಿಮುಖವಾಗಿ ಹೊರಟವರಿಗೆ ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆ ಎದುರಾಗುತ್ತದೆ. ಸುಮಾರು 4.5 ಲಕ್ಷ ಹೆಕ್ಟೇರು ಅಚ್ಚುಕಟ್ಟುಳ್ಳ ಈ ಕಾಲುವೆಯ ನವೀಕರಣ ಕಾರ್ಯವು 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಉದ್ಘಾಟನೆಗೊಂಡಿತು. ನೀರಿನ ಮಟ್ಟವನ್ನು ಅಳೆದು ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ ಏರ್ಪಾಡು ಅಲ್ಲಿ ನಡೆದಿದೆ. ಇಂಥ ಯಂತ್ರಗಳ ಒಡಲಲ್ಲಿ ಅಡಗಿರುವ ಪುಟ್ಟ ಗಣಕಕ್ಕೆ ಆಜ್ಞೆ ಬರೆಯುವ ವಿದ್ಯೆಯೇ ಎಂಬೆಡೆಡ್ ತಂತ್ರಾಂಶ. ಈ ಸೀಮೆಯ ವಿದ್ಯಾರ್ಥಿಗಳಿಗೆ ಅದು ದೂರದ ವಸ್ತುವಲ್ಲ. ಆದರೆ ನಮ್ಮ ಪ್ರಯೋಗಶಾಲೆಗಳು ಅದನ್ನು ದೂರವಾಗಿಯೇ ಇರಿಸಿವೆಯೆಂಬುದು ನಮ್ಮ ಆಕ್ಷೇಪ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮವು ಗಣಕ ವಿಭಾಗದ ಮೈಕ್ರೋಕಂಟ್ರೋಲರ್ ಪ್ರಯೋಗಗಳಿಗೆ ಕೈಲ್ ಸಂಸ್ಥೆಯ ಸಾಧನವನ್ನು ಸೂಚಿಸಿತ್ತು. ಅದರ ಉಚಿತ ಆವೃತ್ತಿಗೆ ಆಗ 32 ಕಿಲೋಬೈಟಿನ ಮಿತಿಯಿತ್ತು. ಈ ಮಿತಿಯನ್ನೇ ದೊಡ್ಡ ದೋಷವೆಂದು ಸಾರುವ ವಾದ ನಮಗೆ ಒಪ್ಪಿಗೆಯಾಗದು. ತರಗತಿಯ ಯಾವ ಪ್ರಯೋಗವೂ ಅಷ್ಟನ್ನು ಬೇಡದು. ದೋಷವಿರುವುದು ಬೇರೆಡೆ: ಒಂದು ಗುಂಡಿಯನ್ನೊತ್ತಿದರೆ ಎಲ್ಲವೂ ತಾನೇ ಆಗುವಲ್ಲಿ, ಆದುದೇನೆಂದು ವಿದ್ಯಾರ್ಥಿ ಅರಿಯುವುದಿಲ್ಲ.

ಮುಕ್ತವೆಂಬ ಮಾತ್ರಕ್ಕೆ ಈ ದೋಷ ನೀಗುವುದೂ ಇಲ್ಲ. ಕಾರ್ಯಾಗಾರಗಳಿಗೆ ಪ್ರಿಯವಾದ ಆರ್ಡುಯಿನೋ ಮುಕ್ತ ಸಾಧನವೇ, ಅದರಲ್ಲಿಯೂ ಗುಂಡಿಯೊಂದೇ. ದೀಪ ಮಿನುಗುತ್ತದೆ, ಚಪ್ಪಾಳೆ ಬೀಳುತ್ತದೆ, ಪ್ರಮಾಣಪತ್ರ ಕೈಸೇರುತ್ತದೆ. ಭೇದವಿರುವುದು ಇಷ್ಟರಲ್ಲಿ: ಆ ಗುಂಡಿಯ ಹಿಂದೆ ಎವಿಆರ್-ಜಿಸಿಸಿ ಎಂಬ ಕಂಪೈಲರ್, ಲಿಂಕರ್, ಎವಿಆರ್‌ಡ್ಯೂಡ್ ಸಾಲಾಗಿ ನಿಂತಿವೆ, ಬಯಸಿದವನು ಒಂದೊಂದನ್ನೂ ಪ್ರತ್ಯೇಕವಾಗಿ ನಡೆಸಿ ನೋಡಬಹುದು.

ನೋಡಿದರೆ ದೊರಕುವುದೇನು? ಒಂದು ನಿದರ್ಶನ ಸಾಕು. ಹೊರಗಿನ ಸಂಕೇತ ಬಂದಾಗ ಇಂಟರಪ್ಟ್ ಕಾರ್ಯವು ಒಂದು ಚರವನ್ನು ಒಂದಕ್ಕೇರಿಸುತ್ತದೆ. ಮುಖ್ಯ ಕಾರ್ಯವು ಖಾಲಿ ಆವರ್ತದಲ್ಲಿ ಅದನ್ನೇ ಕಾಯುತ್ತಿರುತ್ತದೆ. ಬರೆಹದಲ್ಲಿ ತಪ್ಪು ಕಾಣದು, ಕಂಪೈಲರ್ ದೂರದು. ಆದರೂ ಯಂತ್ರ ಅಲ್ಲಿಯೇ ನಿಂತುಬಿಡುತ್ತದೆ. ಆಬ್ಜ್‌ಡಂಪ್ ಸಾಧನದಿಂದ ಯಂತ್ರಭಾಷೆಯನ್ನು ಬಿಚ್ಚಿ ಓದಿದಾಗ ಗುಟ್ಟು ಬಯಲಾಗುತ್ತದೆ. ಆವರ್ತದೊಳಗೆ ಚರವನ್ನು ಬದಲಿಸುವವರಾರೂ ಇಲ್ಲವೆಂದು ಬಗೆದ ಕಂಪೈಲರ್, ಮಿತವ್ಯಯಕ್ಕಾಗಿ ಅದನ್ನು ಒಮ್ಮೆ ಮಾತ್ರ ಓದಿ, ಬಳಿಕ ತನ್ನಲ್ಲಿಗೇ ಹಾರುವ ಒಂದು ಆಜ್ಞೆಯನ್ನಷ್ಟೇ ಉಳಿಸಿದೆ. ‘ವೊಲಟೈಲ್’ ಎಂಬ ಒಂದು ಪದವನ್ನು ಸೇರಿಸಿದೊಡನೆ ಓದುವ ಆಜ್ಞೆ ಆವರ್ತದೊಳಕ್ಕೆ ಮರಳುತ್ತದೆ. ಪಠ್ಯಪುಸ್ತಕದಲ್ಲಿ ಒಂದು ವಾಕ್ಯವಾಗಿ ಕಂಠಪಾಠವಾಗುವ ಈ ಸಂಗತಿ ಇಲ್ಲಿ ಕಣ್ಣಿಗೆ ಬೀಳುತ್ತದೆ. ಕಾಲುವೆಯ ಗೇಟೊಂದು ಹೀಗೆ ಕಾಯುತ್ತ ನಿಂತರೆ ಆಗುವ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರ್ಡುಯಿನೋ ಊನೋ ಫಲಕದ ತಾತ್ಕಾಲಿಕ ಸ್ಮೃತಿ 2 ಕಿಲೋಬೈಟು ಮಾತ್ರ. ಅದು ಉಕ್ಕಿ ಹರಿಯುವ ಬಗೆಯನ್ನೂ ಇದೇ ಕ್ರಮದಲ್ಲಿ ಕಲಿಸಬಹುದು.

ಭಾಷೆಯ ವಿಷಯದಲ್ಲಿ ಒಂದು ಮಾತು. ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರ ನೇತೃತ್ವದಲ್ಲಿ ಬೆಳೆದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ಸಿ ಭಾಷೆ, ಲಿನಕ್ಸ್ ಮುಂತಾದುವನ್ನು ಕನ್ನಡ ಧ್ವನಿಯಲ್ಲಿಯೂ ಒದಗಿಸಿದೆ. ಸುಮಾರು ಹತ್ತು ನಿಮಿಷದ ಪಾಠವನ್ನು ಕೇಳುತ್ತ, ಪಕ್ಕದಲ್ಲಿಯೇ ಮಾಡಿ ನೋಡುವ ಕ್ರಮ ನಿಜಕ್ಕೂ ಶ್ಲಾಘ್ಯ. ಆದರೆ ಕಿವಿಗೆ ಕನ್ನಡ, ಕಣ್ಣಿಗೆ ಇಂಗ್ಲಿಷು. ಕಂಪೈಲರ್ ತಪ್ಪನ್ನು ಇಂಗ್ಲಿಷಿನಲ್ಲಿ ತಿಳಿಸಿದಾಗ ಧ್ವನಿ ಮುದ್ರಿತ ಪಾಠದೊಡನೆ ಮುಂದೆ ಸಾಗಿರುತ್ತದೆ. ಕಲಿಯುವವನು ಹಿಂದೆ ಉಳಿಯುತ್ತಾನೆ. ಸಾಮಾನ್ಯವಾಗಿ ಎದುರಾಗುವ ದೋಷಸೂಚನೆಗಳಿಗೆ ಕನ್ನಡ ವಿವರಣೆಯುಳ್ಳ ಕಿರುಹೊತ್ತಗೆಯೊಂದನ್ನು ಅಧ್ಯಾಪಕರು ಸಿದ್ಧಪಡಿಸಿದರೆ ಈ ಕೊರತೆ ಬಹುಮಟ್ಟಿಗೆ ತುಂಬೀತು.

ಸಲಕರಣೆಯಿಲ್ಲವೆಂಬ ಸಮಾಧಾನ ಇಲ್ಲಿ ಸಲ್ಲದು. ಮೇಲಿನ ಪ್ರಯೋಗಕ್ಕೆ ಫಲಕವೂ ಬೇಕಿಲ್ಲ. ಹಳೆಯ ಗಣಕವೊಂದಿದ್ದರೆ ಬಿಚ್ಚಿ ಓದುವ ಕೆಲಸ ನಡೆಯುತ್ತದೆ, ಸಿಮ್‌ಎವಿಆರ್ ಎಂಬ ಅನುಕರಣ ಸಾಧನದಲ್ಲಿ ಓಡಿಸಿಯೂ ನೋಡಬಹುದು. ತೊಡಕಿರುವುದು ಪರೀಕ್ಷೆಯಲ್ಲಿ. ದೀಪ ಬೆಳಗಿತೋ ಇಲ್ಲವೋ ಎಂಬುದಕ್ಕೆ ಅಂಕವುಂಟು. ಬೆಳಗದಿದ್ದ ಕಾರಣವನ್ನು ಹುಡುಕಿ ತೋರಿಸಿದವನಿಗೆ ರೆಕಾರ್ಡು ಪುಸ್ತಕದಲ್ಲಿ ಒಂದು ಅಂಕಣವೂ ಇಲ್ಲ.