ಚರ್ಬಾ, ತಜ್ಮೀನ್ ಮತ್ತು ಕಳವು

ಸುರಪುರದ ಬಂಗಾರದ ಚಿತ್ರಗಳ ಮಾತು ಬಂದಾಗ 'ಒಂದರಂತೆ ಇನ್ನೊಂದಿದೆ, ಎಲ್ಲ ನಕಲು' ಎಂದು ಮೂಗು ಮುರಿಯುವವರನ್ನು ನಾವು ಒಪ್ಪುವುದಿಲ್ಲ. ನಾಯಕ ಅರಸರ ಆಶ್ರಯದಲ್ಲಿ ಬೆಳೆದು ಗರುಡಾದ್ರಿ ಮನೆತನದ ಹೆಸರಿನೊಂದಿಗೆ ಬೆಸೆದುಕೊಂಡ ಈ ಕಲೆಯಲ್ಲಿ ಗುರುವಿನ ಗೆರೆಯನ್ನು ತಿದ್ದುವುದೇ ವಿದ್ಯೆ.

ಉರ್ದು ಓದಿದವರಿಗೆ ಇಲ್ಲಿ ಒಂದು ಶಬ್ದ ನೆನಪಾಗಬೇಕು: ಚರ್ಬಾ. ಮೊಘಲ್ ಚಿತ್ರಶಾಲೆಗಳಲ್ಲಿ ತೆಳುವಾದ ಜಿಂಕೆ ಚರ್ಮವನ್ನು ಚಿತ್ರದ ಮೇಲಿಟ್ಟು ಗೆರೆ ಇಳಿಸಿಕೊಂಡು, ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ಉದುರಿಸುತ್ತಿದ್ದರು. ಕೆಳಗಿನ ಕಾಗದದ ಮೇಲೆ ಚಿತ್ರ ಮೂಡುತ್ತಿತ್ತು. ಕಸುಬಿನ ಈ ಮಾತು ಇಂದು ಬೈಗುಳವಾಗಿದೆ. ಕದ್ದ ಸಿನಿಮಾವನ್ನೂ ಚರ್ಬಾ ಎನ್ನುತ್ತಾರೆ. ಪಾಪದ ಜಿಂಕೆ!

ಕಾವ್ಯದ ಉಸ್ತಾದರು ಹೆಚ್ಚು ಸೂಕ್ಷ್ಮರು. ಇನ್ನೊಬ್ಬರ ಸಾಲನ್ನು ಬಹಿರಂಗವಾಗಿ ತಂದು ತನ್ನ ಪದ್ಯದಲ್ಲಿ ಕೂಡಿಸಿದರೆ ತಜ್ಮೀನ್, ಬಚ್ಚಿಟ್ಟರೆ ಸರಖಾ, ಅಂದರೆ ಕಳವು. ಇಬ್ಬರಿಗೂ ತಾನಾಗಿ ಹೊಳೆದರೆ ತವಾರುದ್.

ಚಿತ್ರಕ್ಕೂ ಇದೇ ಅಳತೆ ಹಿಡಿಯಬಹುದು. ಜರ್ಮನಿಯ ಡ್ಯೂರರ್ 1511ರಲ್ಲಿ ಕೊರೆದ ಅಚ್ಚುಚಿತ್ರದಿಂದ ಸಂತ ಯೋಹಾನನನ್ನು 1600ರಲ್ಲಿ ಮೊಘಲ್ ಹುಡುಗ ಅಬುಲ್ ಹಸನ್ ಬರೆದ. ಆಗ ಅವನಿಗೆ 13 ವರ್ಷ. ಆಕ್ಸ್‌ಫರ್ಡ್‌ನ ಅಶ್ಮೋಲಿಯನ್ ಸಂಗ್ರಹಾಲಯದಲ್ಲಿರುವ ಆ ಹಾಳೆಯಲ್ಲಿ ತನ್ನ ಹೆಸರು, ವಯಸ್ಸು ಬರೆದುಕೊಂಡಿದ್ದಾನೆ. ಇದು ಕಳವೇ? ನಮಗೆ ಹಾಗನ್ನಿಸುವುದಿಲ್ಲ. ಕೊರೆದ ಗೆರೆಯನ್ನು ಕುಂಚದ ನೆರಳಾಗಿ ಮಾಡಿದ ಕೈ ಅವನದೇ. ಕಲಬುರಗಿಯ ವಿಜಯ ಹಾಗರಗುಂಡಗಿ ಅವರೂ ಸುರಪುರ ಶೈಲಿ ಎಂದು ಹೇಳಿಯೇ ಆ ಶೈಲಿಯಲ್ಲಿ ಬರೆದರು.

ನಾಳೆ ಶಹಾಪುರದ ಹುಡುಗಿಯೊಬ್ಬಳು ಸುರಪುರದ ಬಂಗಾರದ ಪ್ರಭಾವಳಿಯೊಳಗೆ ಹತ್ತಿ ಬಿಡಿಸುವ ತನ್ನ ತಾಯಿಯನ್ನು ಕೂಡಿಸಿದರೆ ನಾವು ಅದನ್ನು ತಜ್ಮೀನ್ ಎಂದೇ ಕರೆಯುತ್ತೇವೆ.

ಆದರೆ ಯಾದಗಿರಿಯಲ್ಲಿ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯೊಂದರಲ್ಲಿ ನಾವು ಕಂಡದ್ದು ಬೇರೆ. ಕೈಯಿಂದ ಬರೆದ ಚಿತ್ರದ ಮೊಬೈಲ್ ಫೋಟೋ ಹಿಗ್ಗಿಸಿ ಮುದ್ರಿಸಿದ್ದರು. ಬಂಗಾರದ ಜಾಗದಲ್ಲಿ ಹಳದಿ ಶಾಯಿ, ಮೂಲೆಯ ಸಹಿ ಕತ್ತರಿ ಪಾಲು. ಕೇಳಿದರೆ, 'ದೇವರ ಚಿತ್ರಕ್ಕೆ ಮಾಲೀಕರು ಯಾರು ಸಾಹೇಬರೆ?' ಎಂಬ ಉತ್ತರ. ದೇವರಿಗೆ ಇಲ್ಲದಿರಬಹುದು, ಚಿತ್ರಕ್ಕೆ ಇದ್ದಾರೆ. ಅಗ್ಗದ ಈ ಹಾಳೆ ಗೋಡೆ ಏರಿದ ಮೇಲೆ, ಕುಳಿತು ಚಿನ್ನದ ರೇಕು ಅಂಟಿಸುವವನ ಬಳಿ ಯಾರು ಬರುತ್ತಾರೆ?

1957ರ ಕೃತಿಸ್ವಾಮ್ಯ ಕಾಯ್ದೆ ಕಲಾವಿದ ತೀರಿಕೊಂಡ ಬಳಿಕ 60 ವರ್ಷ ರಕ್ಷಣೆ ಕೊಡುತ್ತದೆ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಅದರ 57ನೇ ಕಲಮು ಬೇರೆಯಾಗಿಯೇ ಇಟ್ಟಿದೆ. ಅರಸರ ಕಾಲದ ಸುರಪುರದ ಚಿತ್ರಗಳಿಗೆ ಆ ಅವಧಿ ಎಂದೋ ಮುಗಿಯಿತು, ಅವನ್ನು ಯಾರೂ ಅಚ್ಚು ಹಾಕಬಹುದು. ಆದರೂ ಕೆಳಗೆ 'ಸುರಪುರ' ಎಂದು ನಾಲ್ಕು ಅಕ್ಷರ ಹಾಕಲು ಅಂಗಡಿಯವರಿಗೆ ಎಷ್ಟು ಶಾಯಿ ಬೇಕು?